ರಕ್ತ ಕಡಿಮೆ ಅಂದರೆ ಕಬ್ಬಿಣ ಕಡಿಮೆ ಅಂತಲ್ಲ

(ಕಲಬುರಗಿಯಲ್ಲಿ ರಕ್ತದಾನಿಗಳು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ರೋಗಿಗಳ ಮನೆಯವರ ಮುಂದೆ ವೈದ್ಯರೊಬ್ಬರು ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದುಕೊಂಡದ್ದು.)

ಒಂದು ಚೀಲ ರಕ್ತದಲ್ಲಿ ಕಬ್ಬಿಣ ಎಷ್ಟಿರುತ್ತದೆ? ಮುಂದಿನ ಸಾಲಿನಲ್ಲಿ ಇಪ್ಪತ್ತು, ಮೂವತ್ತು ಸಲ ರಕ್ತ ಕೊಟ್ಟವರು ಕೂತಿದ್ದೀರಿ, ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ. ನೀವು ಒಂದು ಸಲ ಕೊಟ್ಟರೆ ಅದರ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಅಂದರೆ ಹೆಚ್ಚೆಂದರೆ ಕಾಲು ಗ್ರಾಂ. ನಿಮಗೆ ಅದು ದೊಡ್ಡ ನಷ್ಟ ಅಲ್ಲ, ಕೆಲವು ತಿಂಗಳ ಊಟದಲ್ಲಿ ತುಂಬಿಕೊಳ್ಳುತ್ತದೆ. ಆದರೆ ಆ ಚೀಲ ಯಾರ ಮೈಗೆ ಏರುತ್ತದೋ ಅವರಿಗೆ ಆ ಕಾಲು ಗ್ರಾಂ ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಒಳಗೇ ಉಳಿಯುತ್ತದೆ.

ಉಪ್ಪು ಜಾಸ್ತಿ ಆದರೆ ಮೂತ್ರದಲ್ಲಿ ಹೋಗುತ್ತದೆ, ನೀರು ಜಾಸ್ತಿ ಆದರೂ ಹಾಗೇ. ಕಬ್ಬಿಣಕ್ಕೆ ಅಂಥ ಬಾಗಿಲೇ ಇಲ್ಲ. ಚರ್ಮ ಉದುರುವಾಗ, ಕರುಳಿನ ಒಳಪದರ ಸವೆಯುವಾಗ ದಿನಕ್ಕೆ 1ರಿಂದ 2 ಮಿಲಿಗ್ರಾಂ ಹೋಗುತ್ತದೆ, ಅಷ್ಟೇ. ಅಷ್ಟನ್ನೇ ನಾವು ಊಟದಿಂದ ಹೀರಿಕೊಳ್ಳುತ್ತೇವೆ. ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಒಟ್ಟು ಇರುವ ಕಬ್ಬಿಣ 3ರಿಂದ 4 ಗ್ರಾಂ. ಈಗ ಲೆಕ್ಕ ಹಾಕಿ. ಒಬ್ಬರಿಗೆ ತಿಂಗಳಿಗೆ ಎರಡು ಚೀಲ ರಕ್ತ ಬೇಕು ಅಂದುಕೊಳ್ಳಿ. ವರ್ಷಕ್ಕೆ 24 ಚೀಲ. ಚೀಲಕ್ಕೆ 200 ಮಿಲಿಗ್ರಾಂ ಹಿಡಿದರೂ 4,800 ಮಿಲಿಗ್ರಾಂ ಆಯಿತು. ಹುಟ್ಟಿದಾಗಿನಿಂದ ಮೈ ಕೂಡಿಸಿಟ್ಟದ್ದಕ್ಕಿಂತ ಜಾಸ್ತಿ ಕಬ್ಬಿಣ ಒಂದೇ ವರ್ಷದಲ್ಲಿ ಒಳಗೆ ಬಂತು, ಅಲ್ವಾ?

ಇದನ್ನು ಹೇಳುವಾಗ ನನಗೆ ಒಬ್ಬ ಮುತ್ಯಾ ನೆನಪಾಗುತ್ತಾರೆ. ಅಫಜಲಪುರ ಕಡೆಯವರು, ತೊಗರಿ ಬೆಳೆಯುವವರು, ವಯಸ್ಸು ಅರವತ್ತೆಂಟು. ಸೊಸೆ ಕೈ ಹಿಡಿದು ನಡೆಸಿಕೊಂಡು ಬಂದಿದ್ದಳು. ಹಿಮೋಗ್ಲೋಬಿನ್, ಅಂದರೆ ಕೆಂಪು ಕಣದೊಳಗೆ ಕಬ್ಬಿಣ ಸೇರಿ ಆಗುವ ವಸ್ತು, 5.8 ಇತ್ತು, ಬಹಳ ಕಡಿಮೆ. ಕುರ್ಚಿಯಲ್ಲಿ ಕೂತು ಎರಡು ನಿಮಿಷ ಉಸಿರು ಹಿಡಿದುಕೊಂಡು ಆಮೇಲೆ ಮಾತಾಡಿದರು, "ಸಾಹೇಬ್ರ, ನನಗ ರಕ್ತ ಇಲ್ಲ ಅಂತಾರ್ರಿ. ಗುಳಿಗಿ ನುಂಗಿ ನುಂಗಿ ಬಾಯಿ ಕರ್ರಗಾಗ್ಯಾದ, ರಕ್ತ ಮಾತ್ರ ಆಗವಲ್ದು."

ಸೊಸೆ ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಹದಿನಾಲ್ಕು ತಿಂಗಳ ಕಬ್ಬಿಣದ ಮಾತ್ರೆಗಳ ಖಾಲಿ ಪಟ್ಟಿಗಳು. ಆರು ಸಲ ಕಬ್ಬಿಣದ ಇಂಜೆಕ್ಷನ್ನೂ ಆಗಿತ್ತು. ನಡುವೆ ಒಂಬತ್ತು ಚೀಲ ರಕ್ತ. ಯಾರೂ ತಪ್ಪು ಮಾಡಬೇಕು ಅಂತ ಮಾಡಿದ್ದಲ್ಲ. ರಕ್ತ ಕಡಿಮೆ ಇದೆ, ಕಬ್ಬಿಣ ಕೊಡೋಣ, ಏರದಿದ್ದರೆ ಇನ್ನಷ್ಟು ಕೊಡೋಣ. ನಮ್ಮ ಕಡೆ ರಕ್ತ ಕಡಿಮೆ ಇರುವ ನೂರಾರು ಹೆಣ್ಣುಮಕ್ಕಳಿಗೆ ಇದು ಸರಿಯಾದ ಔಷಧವೇ. ಆದರೆ ಮುತ್ಯಾನ ಹಳೇ ರಿಪೋರ್ಟಿನಲ್ಲೇ ಒಂದು ಸುಳಿವಿತ್ತು. ಕಬ್ಬಿಣ ಕಡಿಮೆ ಆದರೆ ಕೆಂಪು ರಕ್ತಕಣ ಸಣ್ಣದಾಗುತ್ತದೆ. ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತದೆ ನೋಡಿ, ಅದು ಕಣದ ಗಾತ್ರ. ಸಾಮಾನ್ಯವಾಗಿ 80ರಿಂದ 100ರ ಒಳಗೆ ಇರಬೇಕು. ಮುತ್ಯಾನದು 108. ಅವರ ಕಣಗಳು ಸಣ್ಣವಲ್ಲ, ದೊಡ್ಡವು. ಫೆರಿಟಿನ್ ಮಾಡಿಸಿದೆವು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಅದು. 1,900 ಬಂತು. ಗಂಡಸರಲ್ಲಿ 300 ದಾಟಿದರೇ ಜಾಸ್ತಿ ಅನ್ನುತ್ತೇವೆ.

ಮನೆ ತುಂಬ ಜೋಳದ ಚೀಲ ಇದೆ, ಆದರೆ ರೊಟ್ಟಿ ಬಡಿಯುವವರ ಕೈ ಓಡುತ್ತಿಲ್ಲ. ನಾವು ಹೊರಗಿನಿಂದ ಇನ್ನೂ ಜೋಳ ತಂದು ಸುರಿಯುತ್ತಿದ್ದೆವು.

ರೊಟ್ಟಿ ಬಡಿಯುವ ಆ ಜಾಗ ಎಲುಬಿನ ಮಜ್ಜೆ, ಬೋನ್ ಮ್ಯಾರೋ. ನಿಮ್ಮ ಸೊಂಟದ ಎಲುಬು, ಎದೆಯ ಎಲುಬು, ಬೆನ್ನಿನ ಮಣಿಗಳ ಒಳಗೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಹುಟ್ಟುತ್ತಿವೆ. ನಾನು ಈ ಮಾತು ಮುಗಿಸುವಷ್ಟರಲ್ಲಿ ಕೋಟಿ ದಾಟಿರುತ್ತದೆ. ಅದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ಬರುವುದು 1ರಿಂದ 2 ಅಂತ ಹೇಳಿದೆ. ಉಳಿದದ್ದು? 120 ದಿನ ದುಡಿದು ಸವೆದ ಹಳೇ ಕಣಗಳನ್ನು ಒಡೆದು, ಅವುಗಳ ಕಬ್ಬಿಣವನ್ನೇ ತೆಗೆದು ಮತ್ತೆ ಮಜ್ಜೆಗೆ ಕೊಡುತ್ತದೆ ನಮ್ಮ ಮೈ. ಒಂದು ಕಣವೂ ವ್ಯರ್ಥ ಮಾಡುವುದಿಲ್ಲ.

ಮುತ್ಯಾಗೆ ಮಜ್ಜೆ ಪರೀಕ್ಷೆ ಮಾಡಬೇಕು ಅಂದಾಗ ಸೊಸೆ ಅಳತೊಡಗಿದಳು. "ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವಂತಲ್ರಿ." ಈ ಮಾತು ನಾನು ವಾರಕ್ಕೊಮ್ಮೆ ಕೇಳುತ್ತೇನೆ, ಅದಕ್ಕೆ ಇಲ್ಲಿ ಸ್ಪಷ್ಟ ಹೇಳಿಬಿಡುತ್ತೇನೆ. ಮಜ್ಜೆ ತೆಗೆಯುವುದು ಸೊಂಟದ ಹಿಂದಿನ ಎಲುಬಿನಿಂದ. ಬೆನ್ನುಹುರಿ ಅಲ್ಲಿ ಇಲ್ಲವೇ ಇಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸೂಜಿ ಹಾಕುತ್ತೇವೆ, ಎಳೆಯುವಾಗ ಒಂದೆರಡು ಕ್ಷಣ ಜೋರಾಗಿ ನೋಯುತ್ತದೆ, ಅದು ಸುಳ್ಳಲ್ಲ. ಕಾಲು ಹೋಗುವುದಿಲ್ಲ. ಬಹಳ ಜನ ಅದೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾರೆ.

ಹೀಗೆ ತೆಗೆದ ಮಜ್ಜೆಯ ಸ್ಲೈಡಿನ ಬಗ್ಗೆ ಸ್ವಲ್ಪ ಹೇಳಬೇಕು. ನರ್ಸಿಂಗ್ ಓದುವ ಮಕ್ಕಳು ಒಮ್ಮೆಯಾದರೂ ಲ್ಯಾಬಿಗೆ ಹೋಗಿ ಇದನ್ನು ನೋಡಿ. ಮಜ್ಜೆಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಅದರ ಮೇಲೆ ಪೊಟ್ಯಾಸಿಯಂ ಫೆರೊಸಯನೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ದ್ರವ ಹಾಕುತ್ತಾರೆ. ಮ್ಯಾಕ್ಸ್ ಪರ್ಲ್ಸ್ ಅನ್ನುವ ಜರ್ಮನ್ ವೈದ್ಯ 1867ರಲ್ಲಿ ಬರೆದಿಟ್ಟ ವಿಧಾನ, ಇವತ್ತಿಗೂ ಅದೇ. ಕಬ್ಬಿಣ ಎಲ್ಲಿದೆಯೋ ಅಲ್ಲಿ ನೀಲಿ ಬಣ್ಣ ಏಳುತ್ತದೆ. ಮುತ್ಯಾನ ಸ್ಲೈಡಿನಲ್ಲಿ ಕೆಂಪು ಕಣ ಆಗಬೇಕಿದ್ದ ಎಳೆಯ ಕಣಗಳ ಒಳಗಿನ ಬೀಜದ, ಅಂದರೆ ನ್ಯೂಕ್ಲಿಯಸ್ಸಿನ, ಸುತ್ತ ನೀಲಿ ಚುಕ್ಕೆಗಳು ಸರ ಪೋಣಿಸಿದ ಹಾಗೆ ಕೂತಿದ್ದವು. ನೋಡಲು ಎಷ್ಟು ಚಂದ ಅಂದರೆ, ಮೊದಲ ಸಲ ನೋಡಿದಾಗ ಇದು ಕಾಯಿಲೆ ಅನ್ನುವುದೇ ನನಗೆ ಮರೆತುಹೋಗಿತ್ತು. ಇವಕ್ಕೆ ರಿಂಗ್ ಸೈಡರೋಬ್ಲಾಸ್ಟ್ ಅಂತ ಹೆಸರು. ಆ ಚುಕ್ಕೆಗಳು ಕೂತಿರುವುದು ಮೈಟೊಕಾಂಡ್ರಿಯಾದಲ್ಲಿ, ಅಂದರೆ ಕಣದ ಒಲೆಯಲ್ಲಿ. ಹಿಮೋಗ್ಲೋಬಿನ್ನಿಗೆ ಸೇರಬೇಕಾದ ಕಬ್ಬಿಣ ಒಲೆಯಲ್ಲೇ ಸಿಕ್ಕಿಹಾಕಿಕೊಂಡಿದೆ.

ಕಾಯಿಲೆಯ ಹೆಸರು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಆಸ್ಪತ್ರೆಯಲ್ಲಿ ಎಂಡಿಎಸ್ ಅನ್ನುತ್ತೇವೆ. ಮಜ್ಜೆಯ ತಾಯಿಕಣಗಳಲ್ಲಿ, ಅಂದರೆ ಸ್ಟೆಮ್ ಸೆಲ್‌ಗಳಲ್ಲಿ, ವಯಸ್ಸಾಗುತ್ತಾ ಯಾವುದೋ ಜೀನ್ ಕೆಟ್ಟಿರುತ್ತದೆ. ಈ ನೀಲಿ ಸರದ ಬಗೆಯಲ್ಲಿ ಬಹಳ ಸಲ ಕೆಡುವುದು ಎಸ್‌ಎಫ್3ಬಿ1 ಅನ್ನುವ ಜೀನ್, 2011ರಲ್ಲಿ ಗೊತ್ತಾಯಿತು. ಇದು ಅಪ್ಪನಿಂದ ಮಗನಿಗೆ ಬರುವ ಕಾಯಿಲೆ ಅಲ್ಲ, ಅಂಟುಜಾಡ್ಯವೂ ಅಲ್ಲ. ಮಜ್ಜೆ ಖಾಲಿ ಇರುವುದಿಲ್ಲ, ಬಹಳ ಸಲ ತುಂಬಿಯೇ ಇರುತ್ತದೆ. ಆದರೆ ಹುಟ್ಟಿದ ಕಣ ಹೊರಗೆ ಬರುವ ಮುಂಚೆ ಅಲ್ಲೇ ಸಾಯುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಕಣ ಹೊರಗೆ ಬರುತ್ತಿಲ್ಲ ಅಂತ ಮಜ್ಜೆ ಮೈಗೆ ಹೇಳಿ ಕಳಿಸುತ್ತಲೇ ಇರುತ್ತದೆ, ಕಬ್ಬಿಣ ಬೇಕು, ಕಬ್ಬಿಣ ಬೇಕು ಅಂತ. ಕರುಳಿನಲ್ಲಿ ಕಬ್ಬಿಣ ಎಷ್ಟು ಹೀರಬೇಕು ಅಂತ ಹಿಡಿತ ಇಡುವುದು ಲಿವರ್ ತಯಾರಿಸುವ ಹೆಪ್ಸಿಡಿನ್ ಅನ್ನುವ ಹಾರ್ಮೋನು. ಮಜ್ಜೆಯ ಕೂಗಿಗೆ ಆ ಹೆಪ್ಸಿಡಿನ್ ಇಳಿದುಬಿಡುತ್ತದೆ, ಕರುಳು ಜಾಸ್ತಿ ಹೀರತೊಡಗುತ್ತದೆ. ಮೈತುಂಬ ಕಬ್ಬಿಣ ಇದ್ದರೂ. ಮುತ್ಯಾ ನುಂಗಿದ ಮಾತ್ರೆಗಳು ಹೋಗಿ ಸೇರಿದ್ದು ಇಂಥ ಮೈಯನ್ನು.

ಸರಿ, ಕಬ್ಬಿಣ ಜಾಸ್ತಿ ಆಯಿತು. ಆದರೆ ಏನಾಯಿತು? ಸುಮ್ನೆ ಒಂದು ಕಡೆ ಬಿದ್ದಿರಬಹುದಲ್ವಾ?

ನಮ್ಮ ಮನೆಯಲ್ಲಿ ಕುಸುಬಿ ಎಣ್ಣೆ ಬಳಸುತ್ತಿದ್ದೆವು, ನಿಮ್ಮಲ್ಲೂ ಬಹಳ ಜನ ಬಳಸಿದ್ದೀರಿ. ಗಾಣದಿಂದ ತಂದ ದಿನ ಎಷ್ಟು ಚಲೋ ವಾಸನೆ. ಬೇಸಿಗೆ ಬಂದು, ಹೊರಗೆ 42 ಡಿಗ್ರಿ ದಾಟಿದ ಮೇಲೆ ಅದೇ ಎಣ್ಣೆ ಕಮಟು ಹಿಡಿಯುತ್ತದೆ. ನಮ್ಮವ್ವ ತುಕ್ಕು ಹಿಡಿದ ಡಬ್ಬಿಗೆ ಎಣ್ಣೆ ಹಾಕಲು ಬಿಡುತ್ತಲೇ ಇರಲಿಲ್ಲ, "ಲಗೂನ ಕಮಟಾಗ್ತದ" ಅನ್ನುತ್ತಿದ್ದಳು. ಅವಳು ಕೆಮಿಸ್ಟ್ರಿ ಓದಿದವಳಲ್ಲ, ಆದರೆ ಹೇಳಿದ್ದು ಪೂರ್ತಿ ನಿಜ. ಗಾಳಿಯ ಆಮ್ಲಜನಕ ಎಣ್ಣೆಗೆ ಹತ್ತಿಕೊಂಡರೆ ಕಮಟು, ಅದಕ್ಕೆ ಕಬ್ಬಿಣ ಸೇರಿದರೆ ಕೆಲಸ ಇನ್ನೂ ಜೋರು. ಕುಸುಬಿಯಂಥ ತೆಳು ಎಣ್ಣೆ ಬೇಗ ಕೆಡುತ್ತದೆ, ತುಪ್ಪ, ಕೊಬ್ಬರಿ ಎಣ್ಣೆ ನಿಧಾನ.

ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಸುತ್ತ ಒಂದು ಪೊರೆ ಇದೆ. ಆ ಪೊರೆ ಕೊಬ್ಬಿನದೇ, ಅದರಲ್ಲಿ ಕುಸುಬಿ ಎಣ್ಣೆಯ ಜಾತಿಯ ಬೇಗ ಕೆಡುವ ಕೊಬ್ಬೂ ಇದೆ. ಕೋಶದೊಳಗೆ ಬಿಡಿ ಕಬ್ಬಿಣ ಜಾಸ್ತಿ ಆದರೆ ಅದು ಅಲ್ಲಿನ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಭಾರೀ ಚುರುಕಾದ ಒಂದು ಅಣುವಿನ ಚೂರನ್ನು ಹುಟ್ಟಿಸುತ್ತದೆ. ಹೆನ್ರಿ ಫೆಂಟನ್ 1894ರಲ್ಲಿ ತೋರಿಸಿದ ಕ್ರಿಯೆ ಇದು. ಆ ಚೂರು ಪೊರೆಯ ಕೊಬ್ಬಿಗೆ ಬಿದ್ದರೆ ಒಂದು ಕಡೆ ಕೆಟ್ಟದ್ದು ಪಕ್ಕದ್ದನ್ನು ಕೆಡಿಸುತ್ತದೆ, ಅದು ಇನ್ನೊಂದನ್ನು. ಒಣ ಕಣಕಿಯ ಬಣವೆಗೆ ಕಿಡಿ ಬಿದ್ದ ಹಾಗೆ. ಕೊನೆಗೆ ಪೊರೆ ಹರಿದು ಕೋಶ ಸಾಯುತ್ತದೆ.

ಈ ಸಾವಿಗೆ ಫೆರೊಪ್ಟೋಸಿಸ್ ಅಂತ ಹೆಸರಿಟ್ಟದ್ದು 2012ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್ ಅವರ ಲ್ಯಾಬ್. ಫೆರ್ರಮ್ ಅಂದರೆ ಲ್ಯಾಟಿನ್ನಿನಲ್ಲಿ ಕಬ್ಬಿಣ, ಪ್ಟೋಸಿಸ್ ಅಂದರೆ ಗ್ರೀಕಿನಲ್ಲಿ ಬೀಳುವುದು. ಅದಕ್ಕೂ ನಲವತ್ತು ವರ್ಷ ಮುಂಚೆ, 1972ರಲ್ಲಿ, ಅಪೊಪ್ಟೋಸಿಸ್ ಅನ್ನುವ ಇನ್ನೊಂದು ಸಾವಿಗೆ ಹೆಸರು ಬಂದಿತ್ತು. ಅದು ನಮ್ಮ ಬೇವಿನ ಮರ ಎಲೆ ಉದುರಿಸುವ ಹಾಗೆ. ಹೊತ್ತು ಬಂತು, ಒಣಗಿತು, ಉದುರಿತು, ಪಕ್ಕದ ಎಲೆಗೆ ತೊಂದರೆ ಇಲ್ಲ. ಫೆರೊಪ್ಟೋಸಿಸ್ ಹಾಗಲ್ಲ. ಕೋಶ ಒಡೆದು ಒಳಗಿನದ್ದೆಲ್ಲ ಹೊರಗೆ ಚೆಲ್ಲುತ್ತದೆ, ಸುತ್ತ ಉರಿ ಏಳುತ್ತದೆ.

ಹಾಗಾದರೆ ನಾವೆಲ್ಲ ಹೇಗೆ ಬದುಕಿದ್ದೇವೆ? ಕೋಶದೊಳಗೆ ಒಬ್ಬ ಕಾವಲುಗಾರ ಇದ್ದಾನೆ, ಜಿಪಿಎಕ್ಸ್4 ಅನ್ನುವ ಕಿಣ್ವ. ಪೊರೆಯಲ್ಲಿ ಕೊಬ್ಬು ಕೆಟ್ಟ ಕಡೆಯೆಲ್ಲ ಹೋಗಿ ಸರಿ ಮಾಡುತ್ತಾನೆ. ಅವನಿಗೆ ಸೆಲೆನಿಯಮ್ ಬೇಕು, ಗ್ಲುಟಥಯೋನ್ ಅನ್ನುವ ವಸ್ತು ಬೇಕು. ಪಕ್ಕದಲ್ಲಿ ವಿಟಮಿನ್ ಇ ಕೂಡ ಕೊಬ್ಬಿನೊಳಗೇ ಕೂತು ಆ ಸರಣಿಯನ್ನು ತಡೆಯುತ್ತದೆ. ಇಲಿಗಳಲ್ಲಿ ಒಂದು ಪ್ರಯೋಗ ಇದೆ. ಮಜ್ಜೆಯ ಕಣಗಳಲ್ಲಿ ಈ ಕಾವಲುಗಾರನನ್ನೇ ತೆಗೆದುಹಾಕಿದರು. ಆಹಾರದಲ್ಲಿ ವಿಟಮಿನ್ ಇ ಇರುವಷ್ಟು ದಿನ ತಾಯಿಕಣಗಳು ಹೇಗೋ ತಡೆದುಕೊಂಡವು. ಅದನ್ನೂ ತೆಗೆದಾಗ ಸತ್ತವು.

ಈಗ ನನ್ನನ್ನು ಬಹಳ ತಟ್ಟಿದ ವಿಷಯಕ್ಕೆ ಬರುತ್ತೇನೆ. ಬಾಸ್ಟನ್ನಿನ ವಿಜಯ್ ಶಂಕರನ್ ಅವರ ತಂಡ ಮನುಷ್ಯರ ಮಜ್ಜೆಯ ತಾಯಿಕಣಗಳ ಮೇಲೆ ಕೆಲಸ ಮಾಡಿ 2023ರಲ್ಲಿ ಪ್ರಕಟಿಸಿತು. ಎಂವೈಎಸ್‌ಎಂ1 ಅನ್ನುವ ಜೀನ್ ಕೆಟ್ಟು ಮಜ್ಜೆ ಸೋಲುವ ಬಹಳ ಅಪರೂಪದ ಕಾಯಿಲೆಯೊಂದಿದೆ. ಆ ಮಕ್ಕಳಲ್ಲಿ ತಾಯಿಕಣ ಯಾಕೆ ಕಳೆದುಹೋಗುತ್ತದೆ ಅಂತ ಹುಡುಕಿದರು. ಸಿಕ್ಕ ಉತ್ತರ ಫೆರೊಪ್ಟೋಸಿಸ್. ಈ ಜೀನ್ ಸರಿ ಇರುವವರಲ್ಲೂ ತಾಯಿಕಣಕ್ಕೆ ಈ ಸಾವಿನ ಭಯ ಉಳಿದ ಕಣಗಳಿಗಿಂತ ಜಾಸ್ತಿ ಅಂತ ಕಂಡಿತು. ಯಾಕೆ ಗೊತ್ತಾ? ತಾಯಿಕಣ ಬಹಳ ನಿಧಾನದ ಜೀವ. ಹೆಚ್ಚು ಹೊತ್ತು ಸುಮ್ನೆ ಮಲಗಿರುತ್ತದೆ, ಪ್ರೊಟೀನ್ ತಯಾರಿಸುವುದು ಕಡಿಮೆ. ಕಾವಲುಗಾರನೂ ಒಂದು ಪ್ರೊಟೀನೇ ಅಲ್ವಾ? ಆ ಜೀನ್ ಕೆಟ್ಟು ಪ್ರೊಟೀನ್ ತಯಾರಿ ಇನ್ನಷ್ಟು ಕುಗ್ಗಿದರೆ ಕಾವಲು ತೆಳ್ಳಗಾಗುತ್ತದೆ. ಲ್ಯಾಬಿನಲ್ಲಿ ಈ ಸಾವನ್ನು ತಡೆಯುವ ರಾಸಾಯನಿಕ ಹಾಕಿದಾಗ ಆ ತಾಯಿಕಣಗಳು ಚೇತರಿಸಿಕೊಂಡವು.

ಮಜ್ಜೆಯಲ್ಲಿ ತಾಯಿಕಣಗಳು ಇರುವುದೇ ಬೆರಳೆಣಿಕೆ ಅನ್ನುವಷ್ಟು ಕಡಿಮೆ, ಜೀವನಪೂರ್ತಿ ರಕ್ತ ಹುಟ್ಟಿಸುವವು ಅವೇ. ಅವಕ್ಕೇ ಕಬ್ಬಿಣದ ಸಾವಿನ ಭಯ ಜಾಸ್ತಿ. ನಾವು ಏನು ಮಾಡುತ್ತಿದ್ದೇವೆ? ಮಜ್ಜೆ ಸೋತವರಿಗೆ ಜೀವ ಉಳಿಸಲು ರಕ್ತ ಹಾಕುತ್ತೇವೆ, ರಕ್ತದ ಜೊತೆ ಕಬ್ಬಿಣ ಹಾಕುತ್ತೇವೆ.

ತಪ್ಪು ತಿಳಿಯಬೇಡಿ. ಕಬ್ಬಿಣವೇ ಎಂಡಿಎಸ್ ತಂದಿತು ಅಂತ ನಾನು ಹೇಳುತ್ತಿಲ್ಲ. ಮಜ್ಜೆ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ ಇದೆ, ಅಲ್ಲಿ ಬಹಳ ಸಲ ನಮ್ಮದೇ ರೋಗನಿರೋಧಕ ಕಣಗಳು ತಾಯಿಕಣಗಳ ಮೇಲೆ ಬೀಳುತ್ತವೆ, ಶುರು ಮಾಡುವುದು ಕಬ್ಬಿಣ ಅಲ್ಲ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಹುಟ್ಟಿನಿಂದ ಬರುತ್ತದೆ. ಆದರೆ ಮೂರರಲ್ಲೂ ರಕ್ತ ಹಾಕುತ್ತಾ ಹೋದರೆ ಕಬ್ಬಿಣ ಕೂಡುತ್ತದೆ. ಕೂಡಿದ್ದು ಹೃದಯ, ಲಿವರ್, ಹಾರ್ಮೋನ್ ಗ್ರಂಥಿಗಳಲ್ಲಿ ಕೂತು ಅವನ್ನು ಹಾಳು ಮಾಡುತ್ತದೆ, ಅದು ನಮಗೆ ಬಹಳ ಹಿಂದೆಯೇ ಗೊತ್ತಿತ್ತು.

ಇದರ ಇನ್ನೊಂದು ಬದಿ ಬೇಗ ಹೇಳಿ ಮುಂದೆ ಹೋಗುತ್ತೇನೆ. ಕಬ್ಬಿಣದಿಂದ ಒಳ್ಳೆಯ ಕಣ ಸಾಯುವುದಾದರೆ ರಕ್ತದ ಕ್ಯಾನ್ಸರಿನ ಕಣವನ್ನೂ ಹೀಗೇ ಸಾಯಿಸಬಹುದಲ್ವಾ ಅಂತ ವಿಜ್ಞಾನಿಗಳು ನೋಡುತ್ತಿದ್ದಾರೆ. ಎಪ್ರೆನೆಟಪೋಪ್ಟ್ ಅನ್ನುವ ಔಷಧ ಗ್ಲುಟಥಯೋನ್ ಖಾಲಿ ಮಾಡಿ ಲ್ಯುಕೇಮಿಯಾ ಕಣಗಳನ್ನು ಈ ದಾರಿಯಲ್ಲಿ ಕೊಲ್ಲುತ್ತದೆ ಅಂತ ಲ್ಯಾಬಿನಲ್ಲಿ ಕಂಡಿತು. ಆದರೆ ಎಂಡಿಎಸ್ ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ 2020ರ ಕೊನೆಗೆ ಅದು ಇಟ್ಟ ಗುರಿ ಮುಟ್ಟಲಿಲ್ಲ. ಈ ದಾರಿಯ ಹುಡುಕಾಟ ಮುಂದುವರಿದಿದೆ. ಯಾರಾದರೂ ಇದನ್ನೇ ಹೇಳಿ ನಿಮಗೆ ಏನಾದರೂ ಮಾರಲು ಬಂದರೆ ಕೊಳ್ಳಬೇಡಿ.

ಇವತ್ತು ನಮ್ಮ ಕೈಯಲ್ಲಿ ಇರುವುದು ಕಬ್ಬಿಣ ಹೊರಗೆ ಹಾಕುವ ಔಷಧ. ಬಾಗಿಲು ಇಲ್ಲ ಅಂದೆನಲ್ಲ, ಇದು ನಾವೇ ಇಡುವ ಬಾಗಿಲು. ಡೆಸ್ಫೆರಿಯಾಕ್ಸಮಿನ್ ಚರ್ಮದ ಕೆಳಗೆ ಸೂಜಿಯಿಟ್ಟು ಗಂಟೆಗಟ್ಟಲೆ ಕೊಡುವುದು. ಡೆಫೆರಿಪ್ರೋನ್, ಡೆಫೆರಾಸಿರಾಕ್ಸ್ ಬಾಯಿಂದ ತೆಗೆದುಕೊಳ್ಳುವವು. ಸಾಮಾನ್ಯವಾಗಿ ಹತ್ತಿಪ್ಪತ್ತು ಚೀಲ ರಕ್ತ ಆದ ಮೇಲೆ ಅಥವಾ ಫೆರಿಟಿನ್ 1,000 ದಾಟಿದ ಮೇಲೆ ಇದರ ಬಗ್ಗೆ ಯೋಚಿಸುತ್ತೇವೆ. ಅಪಾಯ ಕಡಿಮೆ ಇರುವ ಎಂಡಿಎಸ್‌ನ 225 ಜನರಲ್ಲಿ ಡೆಫೆರಾಸಿರಾಕ್ಸನ್ನು ಔಷಧ ಇಲ್ಲದ ಸುಳ್ಳು ಮಾತ್ರೆ ಜೊತೆ ಹೋಲಿಸಿದ ಪರೀಕ್ಷೆಯ ಫಲ 2020ರಲ್ಲಿ ಬಂತು. ಹೃದಯ ಅಥವಾ ಲಿವರ್ ಕೆಡುವುದು, ಲ್ಯುಕೇಮಿಯಾಕ್ಕೆ ತಿರುಗುವುದು, ಸಾವು, ಇವೆಲ್ಲ ಸೇರಿಸಿ ನೋಡಿದರೆ ಅಪಾಯ ಮೂರನೇ ಒಂದು ಪಾಲಿನಷ್ಟು ಇಳಿದಿತ್ತು. ಆಯುಸ್ಸು ಒಂದನ್ನೇ ಹಿಡಿದು ನೋಡಿದರೆ ಗಟ್ಟಿ ವ್ಯತ್ಯಾಸ ತೋರಲಿಲ್ಲ. ಅಷ್ಟನ್ನು ಅಷ್ಟೇ ಹೇಳಬೇಕು. ಈ ಮಾತ್ರೆಗೆ ಹೊಟ್ಟೆ ಕೆಡುತ್ತದೆ, ಕಿಡ್ನಿ, ಲಿವರ್ ಮೇಲೆ ಕಣ್ಣಿಡಬೇಕು, ಅದಕ್ಕೆ ಆಗಾಗ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ.

ಮುತ್ಯಾಗೆ ಕಬ್ಬಿಣದ ಮಾತ್ರೆ ನಿಲ್ಲಿಸಿ ಇದನ್ನು ಶುರು ಮಾಡಿದೆವು. ಮೊದಲ ತಿಂಗಳು ಹೊಟ್ಟೆ ಕೆಟ್ಟು ಬೈದರು. ಪ್ರಮಾಣ ಇಳಿಸಿ ನಿಧಾನಕ್ಕೆ ಏರಿಸಿದೆವು. ಸೊಸೆ ಮಗನ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದುಕೊಂಡು ಬರೆಯುತ್ತಾಳೆ. ತಾರೀಖು, ಎಷ್ಟನೇ ಚೀಲ, ಹಿಮೋಗ್ಲೋಬಿನ್, ಫೆರಿಟಿನ್, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್. ಅವಳು ಓದಿದ್ದು ಏಳನೇ ಇಯತ್ತೆ. ಅಷ್ಟು ಚೊಕ್ಕವಾದ ದಾಖಲೆ ನನ್ನ ಫೈಲಿನಲ್ಲೂ ಇಲ್ಲ. ರಕ್ತ ಹಾಕಿಸಿಕೊಳ್ಳುವವರ ಮನೆಯಲ್ಲಿ ಇಂಥ ಒಂದು ಪುಟ ಇರಲಿ, ಇದು ನನ್ನ ಕೈಮುಗಿದ ಬೇಡಿಕೆ. ಬೇರೆ ಊರಿನ ಆಸ್ಪತ್ರೆಗೆ ಹೋದರೂ ಆ ಪುಟ ತೋರಿಸಿ. ಎಷ್ಟನೇ ಚೀಲ ಅನ್ನುವುದು ಬಹಳ ಮುಖ್ಯ, ಅದನ್ನೇ ಯಾರೂ ಎಣಿಸುವುದಿಲ್ಲ.

ಕೊನೆಗೆ ಬಂದ ಮೂರು ಪ್ರಶ್ನೆಗಳು.

ಹಿಂದಿನಿಂದ ಒಬ್ಬ ಅಕ್ಕ ಕೇಳಿದರು, ಹಾಗಾದರೆ ಪುಂಡಿಪಲ್ಲೆ ತಿನ್ನಬಾರದಾ, ಕಬ್ಬಿಣದ ಹಂಚಿನಲ್ಲಿ ರೊಟ್ಟಿ ಸುಡಬಾರದಾ ಅಂತ. ತಿನ್ನಿ, ಸುಡಿ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ, ಬಸುರಿಯರಲ್ಲಿ ಕಬ್ಬಿಣದ ಕೊರತೆ ಬಹಳ ಇದೆ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ದಯವಿಟ್ಟು ಬಿಡಬೇಡಿ. ನಾನು ಹೇಳುತ್ತಿರುವುದು ಮಾತ್ರೆ ತಿಂದು ಎರಡು ಮೂರು ತಿಂಗಳಾದರೂ ರಕ್ತ ಏರದವರ ಬಗ್ಗೆ, ಎಂಸಿವಿ ದೊಡ್ಡದಿರುವವರ ಬಗ್ಗೆ, ರಕ್ತದ ಜೊತೆ ಬಿಳಿ ಕಣ, ಪ್ಲೇಟ್‌ಲೆಟ್ಟೂ ಕಡಿಮೆ ಇರುವವರ ಬಗ್ಗೆ. ಅವರಿಗೆ ಇನ್ನೊಂದು ಪಟ್ಟಿ ಮಾತ್ರೆ ಬರೆಯುವ ಮುಂಚೆ ಫೆರಿಟಿನ್ ಮಾಡಿಸಿ, ಬಿ12 ಕೂಡ ನೋಡಿಸಿ. ಬಿ12 ಕಡಿಮೆ ಇದ್ದರೂ ಕಣ ದೊಡ್ಡದಾಗುತ್ತದೆ, ಅದು ಇಂಜೆಕ್ಷನ್ನಿಗೆ ವಾಸಿಯಾಗುವಂಥದ್ದು.

ಒಬ್ಬ ಹುಡುಗ, ಹನ್ನೊಂದು ಸಲ ರಕ್ತ ಕೊಟ್ಟವನಂತೆ, ಸಣ್ಣ ಮುಖ ಮಾಡಿ ಕೇಳಿದ. "ಸರ್, ನಾವು ಕೊಟ್ಟ ರಕ್ತ ಅವರಿಗೆ ವಿಷ ಆಗ್ತದೇನ್ರಿ?" ಇಲ್ಲಪ್ಪ. 5.8 ಇದ್ದ ಮುತ್ಯಾ ಇವತ್ತು ಹೊಲದ ಬದುವಿನ ತನಕ ನಡೆದು ಹೋಗುತ್ತಾರೆ, ಅದು ನಿನ್ನಂಥವರ ರಕ್ತದಿಂದ. ಅದರ ಜೊತೆ ಬಂದ ಕಬ್ಬಿಣವನ್ನು ತೆಗೆಯುವುದು ನಮ್ಮ ಕೆಲಸ. ನೀನು ಕೊಡು, ಮೂರು ತಿಂಗಳು ಬಿಟ್ಟು ಮತ್ತೆ ಕೊಡು.

ಮೂರನೆಯದು ಒಬ್ಬ ತಾಯಿಯದು, ಮಗನಿಗೆ ಥಲಸ್ಸೇಮಿಯಾ. ವಿಟಮಿನ್ ಇ ಕಾಯುತ್ತದೆ ಅಂದಿರಲ್ಲ, ಅಂಗಡಿಯಿಂದ ತಂದು ಕೊಡಲಾ ಅಂದರು. ತಾಯಿ, ನೀವಾಗಿ ಕೊಡಬೇಡಿ. ಇಲಿಯಲ್ಲಿ ಕಂಡದ್ದು ಮಗುವಿಗೆ ಎಷ್ಟು ಪ್ರಮಾಣದಲ್ಲಿ ಒಗ್ಗುತ್ತದೆ ಅಂತ ನೋಡದೆ ಕೊಡುವುದು ಸರಿಯಲ್ಲ. ವಿಟಮಿನ್ ಸಿ ಮಾತ್ರೆಯನ್ನಂತೂ ಹೇಳದೆ ಕೊಡಲೇಬೇಡಿ. ಅದು ಕೂಡಿಟ್ಟ ಕಬ್ಬಿಣವನ್ನು ಎಬ್ಬಿಸಿ ರಕ್ತಕ್ಕೆ ಬಿಡುತ್ತದೆ, ಜಾಸ್ತಿ ಆದರೆ ಹೃದಯಕ್ಕೆ ಹೊಡೆತ. ಮನೆಯಲ್ಲಿ ಏನೇನು ಡಬ್ಬಿ ಇದೆಯೋ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮುಂದಿನ ಸಲ ರಕ್ತ ಹಾಕಿಸಲು ಬರುವಾಗ ತನ್ನಿ, ಕೂತು ಒಂದೊಂದೇ ನೋಡೋಣ.